ಹನ್ನೆರಡನೆಯ ಹೊಂಗೆ

ನನ್ನ ತಮ್ಮ ಆಸ್ಪತ್ರೆಗೆ ಸೇರುವಾಗ, ತಾನು ನೆಟ್ಟಿದ್ದ ಹನ್ನೊಂದು ಹೊಂಗೆ ಗಿಡಗಳಿಗೆ ನೀರು ಹಾಕುವ ಕೆಲಸವನ್ನು ನನಗೆ ಒಪ್ಪಿಸಿದ್ದ. ನಾನು ಹಾಕಲಿಲ್ಲ. ಎರಡೇ ಎರಡು ಸಲ ಹೋಗಿ ಆಮೇಲೆ ಬಿಟ್ಟುಬಿಟ್ಟೆ. ಹಾಕುತ್ತಿದ್ದೇನೆ ಎಂದು ಅವನು ಸಾಯುವವರೆಗೂ ಪ್ರತಿ ಭಾನುವಾರ ಸುಳ್ಳು ಹೇಳಿದೆ. ಮುಂದೆ ಬರೆಯುವುದನ್ನು ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ಇಷ್ಟಂತೂ ನಿಜ ಎಂದು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ದೆವ್ವ, ಗಾಳಿ ಸೋಕುವುದು, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಕಡೆ ಅಂಥ ಕಥೆಗಳಿಗೆ ಬರವಿಲ್ಲ. ಮುಚ್ಚಿದ ಚಿನ್ನದ ಗಣಿಯ ಒಳಗಿಂದ ಗಂಟೆ ಕೇಳಿಸಿತು ಎನ್ನುವವರಿದ್ದಾರೆ. ಮೈಸೂರು ಮೈನ್ಸ್ ಕಡೆ ಪಾಳು ಬಿದ್ದ ಕ್ವಾರ್ಟರ್ಸಿನಲ್ಲಿ ಯಾರೋ ಕೆಮ್ಮಿದರು ಎನ್ನುವವರಿದ್ದಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕಿದವಳು. ಇನ್ನೂ ಬೆಳಕು ಹರಿಯದೆ ಇರುವಾಗ ಕೊಟ್ಟಿಗೆಗೆ ಹೋಗುವವಳಿಗೆ ಕಾಣದ ದೆವ್ವ, ಹೊದ್ದು ಮಲಗಿದವರಿಗೆ ಹೇಗೆ ಕಂಡಿತು ಎಂದು ತಮಾಷೆ ಮಾಡುತ್ತಿದ್ದೆ. ನನಗೆ ಆದದ್ದು ಕತ್ತಲಲ್ಲಿ ಆದದ್ದಲ್ಲ. ಬಂಗಾರಪೇಟೆಯ ಬಜಾರಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಒಂದು ಕಂಪ್ಯೂಟರಿನ ಮುಂದೆ ಆದದ್ದು.

ನನ್ನ ತಮ್ಮನ ಹೆಸರು ಮುನಿರಾಜು. ನಾವು ಮುನಿಯ ಎನ್ನುತ್ತಿದ್ದೆವು. ನನಗಿಂತ ಆರು ವರ್ಷ ಚಿಕ್ಕವನು. ಗಣಿ ಮುಚ್ಚುವ ಮೊದಲು ಒಂದೆರಡು ವರ್ಷ ಕಂಟ್ರಾಕ್ಟಿನಲ್ಲಿ ಕೆಳಗಿಳಿದಿದ್ದ. ಮುಚ್ಚಿದ ಮೇಲೆ ಎಲ್ಲರ ಹಾಗೆ ಅವನೂ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬರುತ್ತಿದ್ದ. ನಮ್ಮ ಊರು ಕೋರಮಂಡಲ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಊರಿನ ಪಡುವಲಿಗೆ ಗಣಿಯವರು ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದ ದಿಬ್ಬ ಇದೆ. ಸೈನೈಡ್ ದಿಬ್ಬ ಅನ್ನುತ್ತೇವೆ. ಬೂದಿಯ ಹಾಗೆ ಬೆಳ್ಳಗೆ, ಗುಡ್ಡದಷ್ಟು ಎತ್ತರ. ಆಷಾಢದ ಗಾಳಿ ಎದ್ದರೆ ಆ ಪುಡಿ ಊರ ಮೇಲೆ ಬರುತ್ತದೆ. ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟರೂ ಅನ್ನದಲ್ಲಿ ಕರಕರ ಅನ್ನುತ್ತದೆ. ಮುನಿಯನ ಮಗಳು ಭವ್ಯಳಿಗೆ ಚಿಕ್ಕಂದಿನಲ್ಲಿ ಉಬ್ಬಸ. ಗಾಳಿ ಬೀಸುವ ಎರಡು ತಿಂಗಳೂ ಅವಳನ್ನು ತಾಯಿ ಕೂರಿಸಿಕೊಂಡೇ ಮಲಗಿಸಬೇಕಿತ್ತು.

ದಿಬ್ಬದ ಬುಡದಲ್ಲಿ ನಮ್ಮಪ್ಪನ ಪಾಲಿಗೆ ಬಂದ ಒಂದು ತುಂಡು ಜಮೀನಿತ್ತು. ಮಳೆಗೆ ಪುಡಿ ಕೊಚ್ಚಿ ಬಂದು ಅದರ ಮೇಲೆ ಕೂತು, ಅಲ್ಲಿ ಏನೂ ಬೆಳೆಯದೆ ನಾವೆಲ್ಲ ಕೈಬಿಟ್ಟಿದ್ದೆವು. ಮುನಿಯ ಒಂದು ವರ್ಷ ಕಾರ್ತಿಕ ಮಾಸದಲ್ಲಿ ಅಲ್ಲಿ ಗಿಡ ನೆಡುತ್ತೇನೆ ಎಂದ. ಸಾಲಾಗಿ ಹೊಂಗೆ ಬೆಳೆಸಿದರೆ ಗಾಳಿ ತಡೆಯುತ್ತದೆ, ಮಗಳು ಉಸಿರಾಡುತ್ತಾಳೆ ಎಂದ. ಬಂಗಾರಪೇಟೆಯ ನರ್ಸರಿಯಿಂದ ದಿನಕ್ಕೆ ಎರಡು ಮೂರು ಸಸಿಯಂತೆ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಪ್ರತಿ ಗಿಡದ ಪಕ್ಕ ಒಂದು ಹಳೆಯ ಮಡಕೆ ಹೂತ. ಮಡಕೆಯ ತಳಕ್ಕೆ ತೂತು ಹಾಕಿ ಬಟ್ಟೆಯ ಬತ್ತಿ ತೂರಿಸಿದ. ಮಡಕೆ ತುಂಬಿಸಿ ಬಾಯಿಗೆ ಚಪ್ಪಡಿ ಮುಚ್ಚಿದರೆ ನೀರು ನಿಧಾನವಾಗಿ ಬೇರಿಗೆ ಇಳಿಯುತ್ತದೆ. ಹನ್ನೊಂದು ಗಿಡ ನೇರ ಸಾಲಿನಲ್ಲಿ. ಏಳನೆಯದು ಆದಮೇಲೆ ಮಣ್ಣಿನಿಂದ ಮೊಣಕಾಲುದ್ದ ಎದ್ದ ಒಂದು ಬಂಡೆ ಇತ್ತು, ಅಲ್ಲಿ ಮಾತ್ರ ಒಂದು ಗಿಡದಷ್ಟು ಜಾಗ ಖಾಲಿ.

ಊರಿನವರಿಗೆ ಇದು ನಗೆಯಾಯಿತು. ಡೈರಿಯಲ್ಲಿ ಹಾಲಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತರೆ, "ಏನಮ್ಮಾ, ನಿನ್ ತಮ್ಮ ಬಂಗಾರದ ತೋಪು ಆಕವ್ನಂತೆ? ಕಾಯಿ ಬಿಟ್ರೆ ನಮಗೂ ಒಂದು ತೊಲ ಕೊಡ್ಸು," ಎಂದು ಯಾರಾದರೂ ಅನ್ನುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೇನೆ.

ಮಾಘ ಮಾಸದಲ್ಲಿ ಅವನಿಗೆ ಉಸಿರಾಟ ಕಷ್ಟವಾಗಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಸರೋಜ ಅವನ ಜೊತೆ ಉಳಿದಳು. ಭವ್ಯಳನ್ನು ಬಂಗಾರಪೇಟೆಯ ಅಜ್ಜಿ ಮನೆಗೆ ಬಿಟ್ಟರು, ಆಗ ಅವಳಿಗೆ ಒಂಬತ್ತು ವರ್ಷ. ಹೊರಡುವ ದಿನ ಮುನಿಯ ನನ್ನನ್ನು ಕರೆದು, "ಅಕ್ಕ, ಒಂದಿನ ಬಿಟ್ಟು ಒಂದಿನ ಮಡಕೆ ತುಂಬ್ಸು. ಅದು ನಮ್ ಕೆಮ್ಮಣ್ಣಲ್ಲ ಕಣಕ್ಕ, ಬುಸ್ಸಂತ ಕುಡಿದ್ಬುಡ್ತದೆ," ಎಂದ. ನಾನು ಆಯಿತು ಎಂದೆ.

ಮೊದಲ ಎರಡು ಸಲ ಹೋದೆ. ಪಕ್ಕದ ಹೊಲದವರ ಬೋರ್‌ವೆಲ್‌ನಿಂದ ತಲೆಯ ಮೇಲೊಂದು ಸೊಂಟದಲ್ಲೊಂದು ಬಿಂದಿಗೆ ಹೊತ್ತು ಆರು ಸಲ ಓಡಾಡಬೇಕು. ಎರಡನೇ ಸಲ ಹೊತ್ತು ಬರುವಾಗ ದಾರಿಯಲ್ಲಿ ಕೂತಿದ್ದವರು ನೋಡಿ ನಕ್ಕರು. ಯಾರೂ ಏನೂ ಅನ್ನಲಿಲ್ಲ, ನಕ್ಕರು ಅಷ್ಟೆ. ಆಮೇಲೆ ನಾನು ನನಗೇ ಲೆಕ್ಕ ಹೇಳಿಕೊಂಡೆ. ಟೊಮೇಟೊ, ಬದನೆ, ಮಾವಿನ ಸಸಿ ಎಲ್ಲಕ್ಕೂ ಮಡಕೆ ಹೂತು ನೋಡಿದವಳು ನಾನು. ಒಂದು ಸಲ ತುಂಬಿಸಿದರೆ ನಾಲ್ಕು ದಿನ ಬರುತ್ತದೆ, ಇವನಿಗೇನು ಗೊತ್ತು, ಗಾರೆ ಕೆಲಸದವನು ಎಂದುಕೊಂಡೆ. ನಾಲ್ಕು ದಿನ ಕಳೆಯಿತು. ದಾರಿಯಿಂದಲೇ ನೋಡಿದರೆ ಎಲೆ ಹಸಿರಾಗಿಯೇ ಕಂಡಿತು. ಚಪ್ಪಡಿ ಎತ್ತಿ ಮಡಕೆಯ ಒಳಗೆ ನೋಡಲಿಲ್ಲ. ಅಷ್ಟರಲ್ಲಿ ಹಸು ಕರು ಹಾಕಿತು. ನಾಲ್ಕು ದಿನ ಎಂಟಾಯಿತು, ಎಂಟು ಹದಿನೈದಾಯಿತು. ಆ ಪುಡಿ ಒಂದೇ ದಿನಕ್ಕೆ ಮಡಕೆಯನ್ನು ಬರಿದು ಮಾಡುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಎಲೆ ಬಾಡಿದ್ದು ಕಂಡು ತಿಳಿದ ಮೇಲೂ ಹೋಗಲಿಲ್ಲ. ಒಣಗಿದ ಮೇಲೆ ನೀರು ಹಾಕುವುದನ್ನು ಜನ ನೋಡಿದರೆ ಇನ್ನೂ ನಗುತ್ತಾರೆ ಎಂದು ಹೋಗಲಿಲ್ಲ.

ಭಾನುವಾರ ಬೆಳಗಿನ ಹಾಲು ಹಾಕಿ ರೈಲಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆ. ಅವನ ಮೊದಲ ಮಾತು ಅದೇ.

"ಅಕ್ಕ, ಗಿಡ ಎಂಗವೆ?"

"ಚೆನ್ನಾಗವೆ ಕಣ್ಲಾ. ನಿನಗಿಂತ ಚೆನ್ನಾಗವೆ."

"ಆಕ್ತಿದ್ದೀಯಾ ನೀರು?"

"ಆಕ್ದೆ ಏನ್ಮಾಡ್ಲಿ? ನಿನ್ ಗಿಡಕ್ಕೆ ನೀರು ಒತ್ತು ಒತ್ತು ನನ್ ನೆತ್ತಿ ಬೋಳಾಗೋಯ್ತು."

ಅವನು ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಸರೋಜ ನನ್ನ ಕಡೆ ನೋಡಿ, "ನೀವು ಬಂದ್ ದಿನವೇ ಅಕ್ಕ ಇವ್ರು ಎರಡು ತುತ್ತು ತಿನ್ನೋದು," ಎನ್ನುತ್ತಿದ್ದಳು. ಆ ಮಾತು ಕೇಳಿದ ಮೇಲೆ ನಿಜ ಹೇಳುವುದು ಹೇಗೆ? ಪ್ರತಿ ವಾರ ಸುಳ್ಳಿಗೆ ಒಂದೊಂದು ಎಲೆ ಸೇರಿಸಿದೆ. ಮೂರನೆಯದನ್ನು ಮೇಕೆ ತಿಂದಿತ್ತು, ಮತ್ತೆ ಚಿಗುರಿದೆ ಎಂದೆ. ತುದಿಯದು ಎಲ್ಲಕ್ಕಿಂತ ಮುಂದಾಗಿ ಎದ್ದಿದೆ ಎಂದೆ. ಕೊನೆಯ ಭಾನುವಾರ ಅವನಿಗೆ ಮಾತು ಬಹಳ ಕಡಿಮೆಯಾಗಿತ್ತು. ಮುಖ ನೋಡಲಾಗುತ್ತಿರಲಿಲ್ಲ. ಬಂಡೆಯ ಹತ್ತಿರ ಜಾಗ ಖಾಲಿ ಬಿಟ್ಟೆನಲ್ಲ, ಗಾಳಿ ಅಲ್ಲಿಂದ ನುಗ್ಗುತ್ತದೆ ಎಂದು ಸನ್ನೆಯಲ್ಲಿ ಹೇಳಿದ. ನಾನು ಯೋಚನೆ ಮಾಡದೆ, "ಅಲ್ಲೊಂದು ನೆಟ್ಟಿದ್ದೀನಿ ಕಣ್ಲಾ. ಬಂಡೆಯಿಂದ ಎರಡು ಮಾರು ಒಳಕ್ಕೆ, ಊರ ಕಡೆಗೆ. ನಿನ್ ಮಗಳ ಎಸ್ರಲ್ಲಿ," ಎಂದೆ. ಅವನು ಕಣ್ಣು ಮುಚ್ಚಿ, ಬೆರಳು ಮಡಿಸಿ ಎಣಿಸಿದ. "ಅನ್ನೆರಡು," ಎಂದ. ಬುಧವಾರ ತೀರಿಹೋದ.

ತಿಥಿ ಕಳೆದ ಮಾರನೆಯ ದಿನ ಸರೋಜ, "ಅಕ್ಕ, ಒಂದ್ಸಲ ಗಿಡ ನೋಡ್ಕೊಂಡು ಬರಾನ," ಎಂದಳು. ಬಿಸಿಲು, ಇನ್ನೊಂದು ದಿನ ಎಂದೆ. ಅವಳು ಮಗಳನ್ನು ಕರೆದುಕೊಂಡು ಬಂಗಾರಪೇಟೆಗೆ ಹೋಗಿ ಅಲ್ಲೇ ನಿಂತಳು. ಅವರು ಹೋದ ಮೇಲೆ ನಾನು ದಿಬ್ಬದ ಬುಡಕ್ಕೆ ಹೋದೆ. ಹನ್ನೊಂದು ಕಡ್ಡಿಗಳು ನಿಂತಿದ್ದವು. ಒಂದೊಂದನ್ನೂ ನನ್ನ ಕೈಯಾರೆ ಬೇರು ಸಮೇತ ಕಿತ್ತೆ. ಕಷ್ಟವೇನೂ ಆಗಲಿಲ್ಲ, ಸಡಿಲವಾದ ಹಲ್ಲಿನ ಹಾಗೆ ಬಂದವು. ಮನೆಗೆ ತಂದು ನೀರೊಲೆಗೆ ಹಾಕಿ ಸುಟ್ಟೆ. ಆ ಕಡೆಗೆ ಮತ್ತೆ ಕಾಲಿಡಲಿಲ್ಲ.

ಇದಾಗಿ ಹದಿನಾಲ್ಕು ವರ್ಷ.

ಈಗ ಭವ್ಯ ಬಂಗಾರಪೇಟೆಯಲ್ಲಿ ಜೆರಾಕ್ಸ್ ತೆಗೆದು ಆನ್‌ಲೈನ್ ಅರ್ಜಿ ಹಾಕಿಕೊಡುವ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ ಜ್ಯೇಷ್ಠ ಮಾಸದಲ್ಲಿ ಪಿಂಚಣಿಯ ಅರ್ಜಿ ಹಾಕಿಸಲು ಅವಳ ಹತ್ತಿರ ಹೋಗಿದ್ದೆ. ಸರ್ವರ್ ಇಲ್ಲ, ಕಾಯಬೇಕು ಎಂದಳು. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, "ಅತ್ತೆ, ಅಲ್ಲೀಗಂಟ ನಿಂಗೆ ಭೂಮಿ ತೋರಿಸ್ತೀನಿ," ಎಂದಳು.

ಉಪಗ್ರಹಗಳು ಮೇಲಿನಿಂದ ತೆಗೆದ ಚಿತ್ರಗಳನ್ನು ವರ್ಷದ ಪ್ರಕಾರ ಜೋಡಿಸಿಟ್ಟಿದ್ದಾರಂತೆ. ಕೆಳಗೆ ಒಂದು ಗೆರೆ ಇದೆ, ಅದರ ಮೇಲಿನ ಚುಕ್ಕೆಯನ್ನು ಎಳೆದರೆ ವರ್ಷಗಳು ಓಡುತ್ತವೆ. ಮೊದಲು ಯಾವುದೋ ದೂರದ ದೇಶದ ಹಿಮದ ಬೆಟ್ಟ ತೋರಿಸಿದಳು. ಹಿಮ ವರ್ಷ ವರ್ಷಕ್ಕೆ ಹಿಂದಕ್ಕೆ ಸರಿದು ಕಪ್ಪು ಕಲ್ಲು ಹೊರಗೆ ಬಂತು. ಇನ್ನೊಂದು ಕಡೆ ಒಂದು ದೊಡ್ಡ ನೀರು, ಸಮುದ್ರದಂಥದ್ದು, ನೆಲಕ್ಕೆ ಚೆಲ್ಲಿದ ನೀರು ಆರುವ ಹಾಗೆ ಅಂಚಿನಿಂದ ಆರುತ್ತಾ ಹೋಯಿತು. ಕಾಡೊಂದನ್ನು ಹುಳು ಎಲೆ ತಿಂದ ಹಾಗೆ ತಿಂದದ್ದು ಕಂಡಿತು. ಬೆಂಗಳೂರು ನಮ್ಮ ಕಡೆಗೆ ಹಬ್ಬಿಕೊಂಡು ಬರುತ್ತಿತ್ತು. ಒಬ್ಬರ ಆಯುಷ್ಯದಷ್ಟು ಕಾಲ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು.

ಆಮೇಲೆ ನಮ್ಮ ಕಡೆ ತೋರಿಸಿದಳು. ಬೇತಮಂಗಲದ ಕೆರೆ ಒಂದು ವರ್ಷ ತುಂಬುತ್ತದೆ, ಐದಾರು ವರ್ಷ ಬತ್ತುತ್ತದೆ, ಮತ್ತೆ ತುಂಬುತ್ತದೆ. ರಾಗಿ ಹೊಲಗಳೆಲ್ಲ ನೀಲಗಿರಿಯಾದವು, ನೀಲಗಿರಿ ಸೈಟುಗಳಾದವು. ಬದಲಾಗದೆ ಇದ್ದದ್ದು ದಿಬ್ಬಗಳು ಮಾತ್ರ, ಸುಣ್ಣ ಮೆತ್ತಿದ ಹಾಗೆ. ಭವ್ಯ ನಮ್ಮ ದಿಬ್ಬವನ್ನು ಹತ್ತಿರಕ್ಕೆ ತಂದಳು. "ಇಲ್ನೋಡು ಅತ್ತೆ," ಎಂದಳು. ಅವಳ ದನಿ ಬೇರೆಯಾಗಿತ್ತು.

ದಿಬ್ಬದ ಬುಡದಲ್ಲಿ ಹಸಿರು ಚುಕ್ಕೆಗಳ ಒಂದು ಸಾಲು.

ನಾನು ಕನ್ನಡಕ ಒರೆಸಿ ಹಾಕಿಕೊಂಡೆ. ಅವಳು ಗೆರೆಯ ಮೇಲಿನ ಚುಕ್ಕೆಯನ್ನು ಮುನಿಯ ಸತ್ತ ವರ್ಷಕ್ಕೆ ತಂದಳು. ಸಾಸಿವೆಯಷ್ಟು ಸಣ್ಣ ಚುಕ್ಕೆಗಳು. ಮುಂದಿನ ವರ್ಷಕ್ಕೆ ಎಳೆದಳು, ಚುಕ್ಕೆ ದಪ್ಪವಾದವು. ಅದರ ಮುಂದಿನ ವರ್ಷ ನೆರಳು ಬಿದ್ದಿತ್ತು. ಹೀಗೆ ಹೋದ ವರ್ಷದವರೆಗೂ ಬೆಳೆಯುತ್ತಲೇ ಬಂದಿದ್ದವು. ಮೂರನೆಯದು ಮಾತ್ರ ಬೇರೆಯವುಗಳಿಗಿಂತ ಸಣ್ಣದು. ತುದಿಯದು ಎಲ್ಲಕ್ಕಿಂತ ದೊಡ್ಡದು. ಏಳರ ಪಕ್ಕ ಬಂಡೆಯ ಜಾಗ ಖಾಲಿ. ಆ ಬಂಡೆಯಿಂದ ಸ್ವಲ್ಪ ಒಳಕ್ಕೆ, ಊರ ಕಡೆಗೆ, ಸಾಲು ಬಿಟ್ಟು ಒಂದು ಒಂಟಿ ಮರ.

ಭವ್ಯ ಅದರ ಮೇಲೆ ಬೆರಳಿಟ್ಟಳು. "ಇದು ನಂದು. ನೀನು ನನ್ನೆಸ್ರಲ್ಲಿ ನೆಟ್ಟಿದ್ದು. ಅಪ್ಪ ಫೋನಲ್ಲಿ ಏಳಿದ್ರು. ಅದೇ ಕಡೇ ಸಲ ಅವ್ರು ಮಾತಾಡಿದ್ದು." ನನ್ನ ಕೈ ಹಿಡಿದುಕೊಂಡಳು. "ಎರಡು ತಿಂಗಳಿಂದ ನೋಡ್ತಾ ಇದ್ದೀನಿ ಅತ್ತೆ. ಮನಸ್ಸಿಗೆ ಬೇಜಾರಾದ್ರೆ ತೆಗ್ದು ನೋಡ್ತೀನಿ. ಅಪ್ಪ ಓದ್ಮೇಲೂ ನೀರಾಕಿ ಉಳಿಸಿದ್ದೀಯ, ಒಂದಿನಾನೂ ಏಳ್ಕೊಂಡಿಲ್ಲ."

ಅಂಗಡಿಯಲ್ಲಿ ಫ್ಯಾನ್ ತಿರುಗುತ್ತಿತ್ತು. ಯಾರೋ ಜೆರಾಕ್ಸಿಗೆ ಬಂದರು. ಆ ಮರದ ಬಗ್ಗೆ ಮುನಿಯನಿಗೆ ಹೇಳಿದ್ದು ಬಿಟ್ಟರೆ ಲೋಕದಲ್ಲಿ ಅದು ಎಲ್ಲಿಯೂ ಇರಲಿಲ್ಲ. ಮೇಕೆ ತಿಂದ ಮೂರನೆಯ ಗಿಡ ನನ್ನ ಬಾಯಲ್ಲಿ ಹುಟ್ಟಿದ್ದು. ನಾನು ಸುಟ್ಟ ಗಿಡಗಳ ನೆರಳು ನನ್ನ ಕಣ್ಣ ಮುಂದೆ ಬಿದ್ದಿತ್ತು. ಅವಳಿಗೆ ಕಾಣದೆ ನನಗೊಬ್ಬಳಿಗೇ ಕಂಡಿದ್ದರೆ, ವಯಸ್ಸಾಯಿತು, ತಲೆ ಕೆಟ್ಟಿದೆ ಎಂದುಕೊಳ್ಳಬಹುದಿತ್ತು. ತೋರಿಸಿದವಳೇ ಅವಳು.

"ಆಷಾಡದಲ್ಲಿ ಒಂದು ಭಾನುವಾರ ಬತ್ತೀನಿ," ಎಂದಳು. "ನೀನೇ ಕರ್ಕೊಂಡೋಗಿ ತೋರಿಸ್ಬೇಕು." ನಾನು ತಲೆಯಾಡಿಸಿದೆ. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವಳ ಮುಖದಲ್ಲಿದ್ದ ಸಂತೋಷ ಆಸ್ಪತ್ರೆಯಲ್ಲಿ ಮುನಿಯನ ಮುಖದಲ್ಲಿದ್ದದ್ದೇ.

ಇದಕ್ಕೆ ಕಾರಣ ಹುಡುಕಲು ನಾನು ಪ್ರಯತ್ನಪಡಲಿಲ್ಲ ಎಂದಲ್ಲ. ಸರ್ವೆ ಕೆಲಸ ಗೊತ್ತಿದ್ದ ಒಬ್ಬರನ್ನು ಆಮೇಲೆ ಕೇಳಿದೆ. ಬೇರೆ ಜಾಗದ ಚಿತ್ರವನ್ನು ತಪ್ಪಿ ಜೋಡಿಸಿರಬಹುದು ಎಂದರು. ಒಂದು ವರ್ಷದ್ದು ತಪ್ಪಬಹುದು, ಅಷ್ಟೂ ವರ್ಷಗಳದ್ದು ಹೇಗೆ ತಪ್ಪುತ್ತದೆ ಎಂದು ನಾನು ಕೇಳಿದೆ. ಅದು ಜಾಲಿಯ ಪೊದೆ ಇರಬಹುದು ಎಂದು ಇನ್ನೊಬ್ಬರು ಹೇಳಿದರು. ಜಾಲಿ ಸಾಲು ಹಿಡಿದು ಬೆಳೆಯುವುದನ್ನು ನಾನು ಕಂಡಿಲ್ಲ. ಈಗಲೂ ಆ ಚಿತ್ರಗಳು ಹಾಗೆಯೇ ಇವೆ. ಭವ್ಯ ನಿನ್ನೆಯೂ ನೋಡಿದಳಂತೆ.

ಆಷಾಢದ ಎರಡನೇ ಭಾನುವಾರ ಅವಳು ಬಂದಳು. ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಇಳಿದಳು. ಚೀಲದಲ್ಲಿ ಊದಿನಕಡ್ಡಿ, ಹೂವು ತಂದಿದ್ದಳು. ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. "ನೀನ್ಯಾಕೆ ಇಷ್ಟು ಬಿರಬಿರನೆ ನಡೀತೀಯ, ಯಾರಾದ್ರೂ ಅಟ್ಟಿಸ್ಕೊಂಡು ಬತ್ತವ್ರಾ?" ಎಂದು ನಕ್ಕಳು. ಗಾಳಿ ಜೋರಾಗಿತ್ತು. ದಿಬ್ಬದ ಮೇಲಿಂದ ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ಅವಳು ದುಪ್ಪಟ್ಟಾ ಮೂಗಿಗೆ ಕಟ್ಟಿಕೊಂಡಳು, ನಾನು ಸೆರಗು ಹಿಡಿದುಕೊಂಡೆ. ಒಂದು ಕಡೆ ನನಗೂ ಆಸೆ ಇತ್ತು ಎಂದು ಹೇಳಿಬಿಡುತ್ತೇನೆ. ಇದ್ದರೆ ಏನಾಯಿತು, ಇರಲಿ ದೇವರೇ ಎಂದು ಮನಸ್ಸಿನಲ್ಲೇ ಅನ್ನುತ್ತಾ ನಡೆದೆ.

ಏನೂ ಇರಲಿಲ್ಲ. ಬೆಳ್ಳನೆಯ ನೆಲ, ಮೊಣಕಾಲೆತ್ತರದ ಬಂಡೆ, ಪುಡಿಯಲ್ಲಿ ಅರ್ಧ ಮುಳುಗಿದ ನಾಲ್ಕೈದು ಮಡಕೆಯ ಬಾಯಿಗಳು.

ಭವ್ಯ ನಿಂತುಬಿಟ್ಟಳು. ಫೋನ್ ತೆಗೆದಳು. ಅದರಲ್ಲಿ ಆ ಚಿತ್ರ, ನಾವು ಎಲ್ಲಿದ್ದೇವೆ ಎಂದು ತೋರಿಸುವ ನೀಲಿ ಚುಕ್ಕೆ. ಅವಳು ಫೋನ್ ನೋಡಿಕೊಂಡೇ ನಡೆದಳು, ನಾನು ಹಿಂದೆ ಹೋದೆ. ಬಂಡೆ ದಾಟಿ ಎರಡು ಮಾರು ಒಳಕ್ಕೆ ಬಂದು ನಿಂತಳು. ಫೋನ್ ನನ್ನ ಕಡೆ ತಿರುಗಿಸಿದಳು. ನೀಲಿ ಚುಕ್ಕೆ ಆ ಒಂಟಿ ಮರದ ಮೇಲೆಯೇ ಕೂತಿತ್ತು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಳು, ಯಾರದೋ ಕಾಲು ತುಳಿದವಳ ಹಾಗೆ.

ಆಗ ನನಗೆ ಒಂದು ವಿಷಯ ಗೊತ್ತಾಯಿತು. ನನ್ನ ಸೆರಗು ಅಲುಗುತ್ತಿರಲಿಲ್ಲ. ನಮ್ಮ ಎಡಕ್ಕೆ ಇಪ್ಪತ್ತು ಮಾರು ಆಚೆ ಪುಡಿ ಹಾರುತ್ತಿತ್ತು, ಬಲಕ್ಕೂ ಹಾರುತ್ತಿತ್ತು. ಊರಿನ ಮಾಡುಗಳ ಮೇಲೆ ಬಿಳಿ ಹೊಗೆ ಕಾಣುತ್ತಿತ್ತು. ನಾವು ನಿಂತಲ್ಲಿ, ಆ ಸಾಲು ಇರಬೇಕಾಗಿದ್ದ ಉದ್ದಕ್ಕೂ, ಗಾಳಿ ಇರಲಿಲ್ಲ. ಭವ್ಯ ಮೂಗಿಗೆ ಕಟ್ಟಿದ್ದ ದುಪ್ಪಟ್ಟಾ ಬಿಚ್ಚಿ ಉಸಿರು ಎಳೆದುಕೊಂಡಳು. ಮೊಣಕಾಲೆತ್ತರದ ಬಂಡೆ ಇಷ್ಟು ಗಾಳಿಯನ್ನು ತಡೆಯುವುದಿಲ್ಲ. ಆ ದಿನ ಅಷ್ಟು ಹೊತ್ತು ಅಲ್ಲಿ ಗಾಳಿ ತಾನಾಗಿಯೇ ನಿಂತಿತೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿದ್ದವರು ಇದ್ದರೆ ಹೇಳಲಿ.

"ಅತ್ತೆ," ಎಂದಳು ಭವ್ಯ ಮೆಲ್ಲಗೆ, "ಮರಗಳು ಏನಾದ್ವು?"

ಯಾರೋ ಕಡಿದುಕೊಂಡು ಹೋದರು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟೂ ವರ್ಷ ನನ್ನನ್ನು ಕಾಪಾಡಿದ ಅಂಥದ್ದೇ ಮಾತು. ಅವಳು ನಂಬುತ್ತಿದ್ದಳು. ನಾನು ಅವಳ ಮುಖ ನೋಡಲಾರದೆ ದಿಬ್ಬದ ಕಡೆ ತಿರುಗಿ ನಿಂತೆ. ಅಲ್ಲಿ ಯಾರೂ ಇರಲಿಲ್ಲ. ಇದ್ದವನಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

"ಮುನಿಯಾ, ನಾನು ನೀರಾಕ್ಲಿಲ್ಲ ಕಣ್ಲಾ. ಎರಡು ಸಲ ಬಂದೆ, ಆಮೇಲೆ ಬರ್ಲಿಲ್ಲ. ಜನ ನಗ್ತಾರೆ ಅಂತ ಬರ್ಲಿಲ್ಲ. ಎಲ್ಲಾ ಒಣಗೋದ್ವು. ನಾನೇ ಕಿತ್ತು ಒಲೆಗಾಕ್ದೆ. ಅನ್ನೆರಡನೇದು ನೆಡ್ಲೇ ಇಲ್ಲ. ನೀನು ಬೆರಳು ಮಡಿಸಿ ಎಣಿಸ್ತಿದ್ರೆ ನೋಡ್ಕೊಂಡು ಕೂತಿದ್ದೆ. ತಪ್ಪಾಯ್ತಪ್ಪಾ."

ಆಮೇಲೆ ಭವ್ಯಳ ಕಡೆ ತಿರುಗಿದೆ.

"ನಿಂಗೂ ಸುಳ್ಳೇಳ್ದೆ ಕಣಮ್ಮ," ಎಂದೆ. "ತಪ್ಪಾಯ್ತು. ನನ್ನ ಕ್ಷಮಿಸ್ಬುಡು."